ಮುದ್ದೆಯೊಳಗಿನ ಕೆಂಪು ಮಾತ್ರೆ

ನ್ಯಾನೋ ಎಂಬ ಪದ ಕೇಳಿದರೆ ಈಗ ನನಗೆ ಮೈ ಉರಿಯುತ್ತದೆ. ಒಂದು ಕಾಲಕ್ಕೆ ಅದೇ ಪದ ನನಗೆ ಅನ್ನ ಹಾಕಿತ್ತು. ಎಂ.ಎಸ್ಸಿ. ಮುಗಿದ ಮೇಲೆ ಮೈಸೂರಿನ ಒಂದು ಪ್ರಯೋಗಾಲಯದಲ್ಲಿ ಕಬ್ಬಿಣವನ್ನು ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಕಾಣದಷ್ಟು ಸಣ್ಣ ಕಣಗಳಾಗಿ ಮಾಡುವ ಕೆಲಸದಲ್ಲಿದ್ದೆ. ರಕ್ತ ಕಡಿಮೆ ಇರುವವರಿಗೆ ಆ ಕಣಗಳನ್ನು ಬಾಯಿಂದ ಕೊಟ್ಟರೆ ಎಷ್ಟು ಒಳಗೆ ಸೇರುತ್ತದೆ, ಎಷ್ಟು ಹಾಗೇ ಹೊರಗೆ ಹೋಗುತ್ತದೆ ಎಂದು ತಿಳಿಯುವುದು ಅಲ್ಲಿನವರ ಗುರಿ. ಆಮೇಲೆ ಮದುವೆಯಾಗಿ ಕೆ.ಆರ್. ಪೇಟೆಗೆ ಬಂದೆ. ಈಗ ಅಲ್ಲೇ ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಡುತ್ತೇನೆ. ಕಣಗಳ ಸಹವಾಸ ಬಿಟ್ಟು ಬಹಳ ಕಾಲವಾಯಿತು ಅಂದುಕೊಂಡಿದ್ದೆ. ಅದು ನನ್ನನ್ನು ಬಿಟ್ಟಿರಲಿಲ್ಲ.

ಹೋದ ವರ್ಷ ಬೇಸಿಗೆ ರಜೆಯಲ್ಲಿ ಒಂದು ಬೆಳಿಗ್ಗೆ ನಮ್ಮ ಮೇಷ್ಟ್ರು ಮನೆಗೆ ಬಂದರು. ಪಾಂಡವಪುರದ ಹೈಸ್ಕೂಲಿನಲ್ಲಿ ನನಗೆ ವಿಜ್ಞಾನ ಕಲಿಸಿದವರು. ರಕ್ತ ಕೆಂಪಗಿರುವುದು ಕಬ್ಬಿಣದಿಂದ ಎಂದು ಮೊದಲು ಹೇಳಿದ್ದೂ ಅವರೇ. ನಿವೃತ್ತಿಯಾದ ಮೇಲೆ ಸ್ಕೂಟರಿನಲ್ಲಿ ಊರೂರು ಸುತ್ತುತ್ತಾರೆ, ಏನೋ ಔಷಧಿ ಮಾರುತ್ತಾರಂತೆ ಎಂದು ಯಾರೋ ಹೇಳಿದ್ದರು. ಕಾಲಿಗೆ ಬಿದ್ದೆ, ಕಾಫಿ ಕೊಟ್ಟೆ. ಅವರು ಬ್ಯಾಗಿನಿಂದ ಒಂದು ಪುಟ್ಟ ಬಾಟಲಿ ತೆಗೆದು ಮೇಜಿನ ಮೇಲೆ ದೇವರನ್ನು ಕೂರಿಸುವ ಹಾಗೆ ಕೂರಿಸಿದರು.

ನ್ಯಾನೋ ಕಬ್ಬಿಣವಂತೆ. ಜೊತೆಗೆ ಚೂರು ನ್ಯಾನೋ ಚಿನ್ನವಂತೆ. ನಾಲಿಗೆಯ ಮೇಲೆ ಬಿಟ್ಟರೆ ಸಾಕು, ಕಣ ಅಷ್ಟು ಸಣ್ಣದಲ್ಲವೇ, ಹೊಟ್ಟೆಗೆ ಹೋಗುವ ಕೆಲಸವೇ ಇಲ್ಲ, ಸೀದಾ ರಕ್ತಕ್ಕೆ ಸೇರುತ್ತದೆ ಎಂದರು. ಆಸ್ಪತ್ರೆಯ ಮಾತ್ರೆ ಹಳೇ ಕಾಲದ್ದು, ಅದು ದಪ್ಪ ಕಬ್ಬಿಣ, ಇದು ಹೊಸದು. ಹೇಳುವಾಗ ಅವರ ಕಣ್ಣು ಪಾಠ ಮಾಡುವಾಗಿನಂತೆಯೇ ಹೊಳೆಯುತ್ತಿತ್ತು. ಅಳೆದು ನೋಡಿದವರು ಯಾರು ಸರ್ ಎಂದು ಕೇಳಿದೆ. ಮೊಬೈಲು ತೆಗೆದು ಒಂದು ವಿಡಿಯೋ ತೋರಿಸಿದರು. ಕೋಟು ಹಾಕಿದ ಒಬ್ಬ ಮನುಷ್ಯ ವೇದಿಕೆಯ ಮೇಲೆ ನಿಂತು ಕೈ ಬೀಸುತ್ತಿದ್ದ, ಕೆಳಗೆ ಕೂತವರು ಚಪ್ಪಾಳೆ ತಟ್ಟುತ್ತಿದ್ದರು. ಅಳತೆ ಅಂದರೆ ಅಷ್ಟೇ.

ಮುಂದಿನ ಭಾನುವಾರ ಶ್ರೀರಂಗಪಟ್ಟಣದಲ್ಲಿ ಒಂದು ಕಲ್ಯಾಣಮಂಟಪದಲ್ಲಿ ಸಭೆ ಇದೆ, ಅಲ್ಲಿಗೆ ಬಂದು ಎರಡು ಮಾತಾಡಬೇಕು ಎಂದು ಕೇಳಿದರು. ನ್ಯಾನೋ ಓದಿದ ಹೆಣ್ಣುಮಗಳು ನಮ್ಮ ಕಡೆಯವಳೇ ಇದ್ದಾಳೆ ಎಂದರೆ ಜನಕ್ಕೆ ಧೈರ್ಯ ಬರುತ್ತದಂತೆ. ನಾನು ಆಗುವುದಿಲ್ಲ ಎಂದೆ. ಯಾಕೆ ಆಗುವುದಿಲ್ಲ ಎಂದೂ ಹೇಳಿದೆ. ಮೇಷ್ಟ್ರಿಗೆ ಪಾಠ ಹೇಳುವ ಹಾಗಾಯಿತಲ್ಲ ಎಂದು ಸಂಕೋಚ ಪಡುತ್ತಲೇ ಹೇಳಿದೆ.

ನಾವು ಮೈಸೂರಿನಲ್ಲಿ ಮಾಡಿ ನೋಡಿದ್ದು ನನಗೆ ಚೆನ್ನಾಗಿ ನೆನಪಿದೆ. ಕಬ್ಬಿಣದ ಕಣ ಸಣ್ಣದಾದಷ್ಟೂ ಹೊಟ್ಟೆಯ ಆಮ್ಲದಲ್ಲಿ ಬೇಗ ಕರಗುತ್ತದೆ, ಅದು ನಿಜ. ಆದರೆ ಕರಗಿದ ಮೇಲೆ ಅದೂ ಮಾತ್ರೆಯ ಕಬ್ಬಿಣ ಹೋಗುವ ದಾರಿಯಲ್ಲೇ ಹೋಗಬೇಕು. ಕರುಳು ಬಾಗಿಲು ತೆಗೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಕರಗದೆ ಉಳಿದ ಕಣ ಬಹುಪಾಲು ನಾವು ಪ್ರಯೋಗಕ್ಕೆ ಇಟ್ಟುಕೊಂಡಿದ್ದ ಇಲಿಗಳ ಹಿಕ್ಕೆಯಲ್ಲಿ ಹೊರಗೆ ಬರುತ್ತಿತ್ತು. ಹಿಕ್ಕೆ ಬಾಚಿ, ಒಣಗಿಸಿ, ಸುಟ್ಟು ಅಳೆಯುತ್ತಿದ್ದವಳು ನಾನೇ. ಚಿನ್ನವಂತೂ ಹೊಟ್ಟೆಯ ಹುಳಿಗೆ ಕರಗುವುದೇ ಇಲ್ಲ. ಆ ಕೆಲಸವನ್ನು ನಾನು ಹೀಗಳೆಯುತ್ತಿಲ್ಲ. ಮಾತ್ರೆ ತಿಂದರೆ ಹೊಟ್ಟೆ ತೊಳಸುವವರಿಗೆ ಮುಂದೆ ಅದರಿಂದ ಒಂದು ಒಳ್ಳೆಯ ಔಷಧಿ ಬಂದರೂ ಬರಬಹುದು. ಆದರೆ ಅಲ್ಲಿದ್ದವರು ಯಾರೂ ನಾಲಿಗೆಯಿಂದ ಸೀದಾ ರಕ್ತಕ್ಕೆ ಎನ್ನಲಿಲ್ಲ. ಇನ್ನೂ ನೋಡಬೇಕು ಎನ್ನುತ್ತಿದ್ದರು. ಇನ್ನೂ ನೋಡಬೇಕು ಎಂದವನಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ, ಕಲ್ಯಾಣಮಂಟಪ ಬಾಡಿಗೆಗೆ ಹಿಡಿಯುವುದಿಲ್ಲ.

ಮೇಷ್ಟ್ರು ಎಲ್ಲ ಕೇಳಿಸಿಕೊಂಡರು. ಬೇಜಾರು ಮಾಡಿಕೊಳ್ಳಲಿಲ್ಲ. ಏಳುತ್ತ, ಚಪ್ಪಲಿ ಮೆಟ್ಟಿಕೊಳ್ಳುತ್ತ, ನಿನಗೆ ನಂಬಿಕೆ ಇಲ್ಲದಿದ್ದರೂ ನಿಮ್ಮವರಿಗೆ ಇದೆಯಮ್ಮ ಎಂದು ನಕ್ಕರು.

"ನಿನ್ನ ತಂಗಿ ಮನೆಗೂ ಕೊಟ್ಟು ಬಂದಿದ್ದೀನಿ. ಆಸ್ಪತ್ರೆ ಮಾತ್ರೆ ನಿಲ್ಲಿಸಿಬಿಡಿ ಅಂತಲೂ ಹೇಳಿದ್ದೀನಿ. ಎರಡೂ ಸೇರಿದರೆ ಉಷ್ಣ ಆಗುತ್ತೆ."

ಅವರ ಸ್ಕೂಟರು ಬೀದಿ ತಿರುಗಿದ ಮೇಲೂ ನಾನು ಬಾಗಿಲಲ್ಲೇ ನಿಂತಿದ್ದೆ.

ನನ್ನ ತಂಗಿಯನ್ನು ಕೊಟ್ಟಿರುವುದು ಬಿಂಡಿಗನವಿಲೆ ಕಡೆಯ ಒಂದು ಹಳ್ಳಿಗೆ. ಮಳೆ ನಂಬಿದ ಹೊಲ, ಒಂದು ಹಿಂಡು ಕುರಿ, ಎರಡು ಹಸು. ಗಂಡ ಡೈರಿಯಲ್ಲಿ ಹಾಲು ಅಳೆಯುವ ಕೆಲಸಕ್ಕೂ ಹೋಗುತ್ತಾನೆ. ಆಗ ಅವಳಿಗೆ ಎರಡನೆಯ ಬಸುರು, ಐದು ತಿಂಗಳು ಕಳೆದಿತ್ತು. ಮೊದಲನೆಯ ಹೆರಿಗೆಯಲ್ಲಿ ಅವಳು ಬದುಕಿದ್ದೇ ಹೆಚ್ಚು. ರಕ್ತ ಮೊದಲೇ ಕಡಿಮೆ, ಹೆರಿಗೆಯಾದ ಮೇಲೆ ನಿಲ್ಲದೆ ಸುರಿಯಿತು. ಆಂಬುಲೆನ್ಸಿನಲ್ಲಿ ಮಂಡ್ಯಕ್ಕೆ ಕರೆದೊಯ್ಯುವಾಗ ಅವಳ ತಲೆ ನನ್ನ ತೊಡೆಯ ಮೇಲಿತ್ತು. ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಅಕ್ಕ, ಚಳಿ ಎನ್ನುತ್ತಿದ್ದಳು. ಹೊರಗೆ ಬಿಸಿಲು ಸುಡುತ್ತಿತ್ತು. ಯಾರ್‍ಯಾರದೋ ರಕ್ತ ಏರಿಸಿ ಅವಳನ್ನು ಉಳಿಸಿದರು. ಅದಕ್ಕೇ ಈ ಸಲ ರಕ್ತ ಏರದೆ ಹೆರಿಗೆಯ ದಿನ ಬಂದುಬಿಟ್ಟರೆ ಎಂಬ ಭಯ ನಮ್ಮನ್ನು ಮೊದಲಿಂದಲೂ ಹಿಡಿದಿತ್ತು.

ರಕ್ತ ಏರುತ್ತಲೂ ಇರಲಿಲ್ಲ. ಪ್ರತಿ ತಿಂಗಳು ಆಸ್ಪತ್ರೆಗೆ ಹೋಗಿ ಬೆರಳು ಚುಚ್ಚಿಸಿಕೊಂಡು ಬರುತ್ತಿದ್ದಳು. ಹನ್ನೊಂದಾದರೂ ಇರಬೇಕಾದ ಹಿಮೋಗ್ಲೋಬಿನ್ ಎಂಟರ ಹತ್ತಿರ ಬಂದು ಅಲ್ಲೇ ಕೂತುಬಿಟ್ಟಿತ್ತು. ಯಾವ ಊರಿನ ಆಸ್ಪತ್ರೆ ಎಂದು ನಾನು ಬರೆಯುವುದಿಲ್ಲ. ನಮ್ಮ ಈ ನಾಲ್ಕು ತಾಲ್ಲೂಕಿನಲ್ಲಿ ಯಾವುದಾದರೂ ಇರಬಹುದು, ಬಡಪಾಯಿ ಹೆಂಗಸರಿಗೆ ಎಲ್ಲ ಕಡೆ ಸಿಗುವ ಮರ್ಯಾದೆ ಒಂದೇ. ಅಲ್ಲಿನ ಡಾಕ್ಟರಮ್ಮ, ಸಿಸ್ಟರು, ಇಬ್ಬರೂ ಒಂದೇ ತೀರ್ಮಾನಕ್ಕೆ ಬಂದಿದ್ದರು. ಇವಳು ಮಾತ್ರೆ ನುಂಗುವುದಿಲ್ಲ, ಎಸೆಯುತ್ತಾಳೆ. ಸರ್ಕಾರ ಪುಕ್ಕಟೆ ಕೊಡುವುದನ್ನು ತಿಪ್ಪೆಗೆ ಹಾಕಿ ಬಂದು ಮುಖ ಬಾಡಿಸಿಕೊಂಡು ಕೂರುತ್ತಾರೆ ಎಂದು ಸಾಲಿನಲ್ಲಿ ನಿಂತ ಎಲ್ಲರೆದುರು ಸಿಸ್ಟರು ಗದರಿದ್ದರಂತೆ. ನುಂಗ್ತಾ ಇದ್ದೀನಿ ಮೇಡಂ ಎಂದು ಇವಳು ಹೇಳಿದರೆ, ಹಾಗಾದರೆ ರಕ್ತ ಯಾಕೆ ಏರಲಿಲ್ಲ ಎಂದು ತಿರುಗಿ ಕೇಳಿದರಂತೆ. ಅದಕ್ಕೆ ಇವಳೇನು ಉತ್ತರ ಕೊಡಬೇಕು? ಅದು ಅವರು ಹುಡುಕಬೇಕಾದ ಉತ್ತರ.

ಅಲ್ಲಿಗೇ ಮುಗಿಯಲಿಲ್ಲ. ಗಂಡನಿಗೂ ಅನುಮಾನ ಬಂತು. ಊರಿನಲ್ಲಿ ತಪಾಸಣೆಗೆ ಬರುವ ಹೆಂಗಸು ಎದುರಿಗೆ ಕೂರಿಸಿಕೊಂಡು ಮಾತ್ರೆ ನುಂಗಿಸಿ, ಬಾಯಿ ತೆಗೆ, ನಾಲಿಗೆ ಎತ್ತು ಎಂದು ನೋಡಿಕೊಂಡು ಹೋದಳು. ಇಪ್ಪತ್ತಾರು ವರ್ಷದ ಹೆಂಗಸು, ಒಂದು ಮಗುವಿನ ತಾಯಿ, ಪಡಸಾಲೆಯಲ್ಲಿ ಎಲ್ಲರೆದುರು ಬಾಯಿ ಕಳೆದು ನಾಲಿಗೆ ಎತ್ತಿ ತೋರಿಸಿದಳು. ಇದನ್ನು ಅವಳು ನನಗೆ ಫೋನಿನಲ್ಲಿ ಹೇಳುವಾಗ ಅಳಲಿಲ್ಲ. ಬಹಳ ನಿಧಾನವಾಗಿ ಹೇಳಿದಳು. ನನಗೆ ಆಗಲೇ ಸಿಟ್ಟು ನೆತ್ತಿಗೇರಿತ್ತು. ಸಿಟ್ಟು ಯಾರ ಮೇಲೆ ಕಾರಬೇಕು ಎಂದು ಗೊತ್ತಾಗದೆ ಸುಮ್ಮನಾಗಿದ್ದೆ. ಈಗ ಮೇಷ್ಟ್ರು ಬಾಟಲಿ ಹಿಡಿದು ಆ ಮನೆಗೆ ಕಾಲಿಟ್ಟಿದ್ದರು. ಎಲ್ಲರೂ ಕಳ್ಳಿ ಎನ್ನುವಾಗ, ತಪ್ಪು ನಿನ್ನದಲ್ಲಮ್ಮ ಮಾತ್ರೆಯದು ಎಂದು ಒಬ್ಬರು ಹೇಳಿದರೆ ಯಾರು ತಾನೇ ನಂಬುವುದಿಲ್ಲ?

ಮಾರನೆಯ ದಿನ ಮೊದಲನೆಯ ಬಸ್ಸಿಗೆ ನಾಗಮಂಗಲಕ್ಕೆ ಹೋಗಿ, ಅಲ್ಲಿಂದ ಬಿಂಡಿಗನವಿಲೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜಗಳ ಆಡುತ್ತಿದ್ದೆ. ಪಕ್ಕದಲ್ಲಿ ಕೂತ ಅಜ್ಜಿ, ಯಾರನ್ನವ್ವಾ ಬೈಯ್ತಾ ಇದ್ದೀಯ ಎಂದು ಕೇಳಿದರು. ತುಟಿ ಅಲ್ಲಾಡುತ್ತಿತ್ತೆಂದು ಕಾಣುತ್ತದೆ.

ತಂಗಿ ನನ್ನನ್ನು ನೋಡಿ ಎದ್ದಳು, ಎದ್ದ ರಭಸಕ್ಕೇ ಕಣ್ಣು ಕತ್ತಲೆ ಬಂದು ಕಂಬ ಹಿಡಿದುಕೊಂಡಳು. ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿದೆ, ಸುಣ್ಣದ ಬಿಳುಪು. ಬಾಟಲಿ ದೇವರ ಗೂಡಿನಲ್ಲಿತ್ತು. ಒಂದು ತಿಂಗಳಿಂದ ಅದೇ ನಡೆಯುತ್ತಿದೆ, ಆಸ್ಪತ್ರೆಯ ಕಬ್ಬಿಣದ ಕೆಂಪು ಮಾತ್ರೆ ಪೂರಾ ನಿಂತಿದೆ. ನಾನು ಬಾಟಲಿ ತೆಗೆದು ಹಿತ್ತಲಿಗೆ ಸುರಿಯಲು ಹೊರಟರೆ ಅವಳ ಅತ್ತೆ ಅಡ್ಡ ಬಂದರು.

ಆ ಹೆಂಗಸನ್ನು ನಾನು ಅತ್ತೆಮ್ಮ ಎಂದೇ ಕರೆಯುವುದು. ಸೊಸೆಯನ್ನು ಮಗಳಂತೆ ನೋಡಿಕೊಳ್ಳುತ್ತಾರೆ ಎಂಬ ಮಾತನ್ನು ಮದುವೆ ಮಾಡಿಸುವವರೆಲ್ಲ ಹೇಳುತ್ತಾರೆ, ಇವರ ವಿಷಯದಲ್ಲಿ ಅದು ನಿಜವಾಗಿತ್ತು. ಆಸ್ಪತ್ರೆಯಲ್ಲಿ ಸೊಸೆಗೆ ಬೈದಾಗಿನಿಂದ ಅವರು ಆ ಸಿಸ್ಟರಿನ ಮುಖ ನೋಡುವುದಿಲ್ಲ ಎಂದು ಹೊರಗೇ ಕೂರುತ್ತಿದ್ದರು.

"ಎಸೀತಾಳಂತೆ. ನಾನೇ ಕೈಯಾರ ಮುದ್ದೇಲಿ ಇಟ್ಟು ನುಂಗಿಸ್ತಿದ್ದೆ ಕಣವ್ವ. ಒಂದು ದಿನ ತಪ್ಪಿಸ್ನಿಲ್ಲ. ಅದು ಮೈಗೆ ಇಡೀದೆ ಓದ್ರೆ ಇವಳೇನ್ ಮಾಡಾಳು?"

ನಾನು ಕೈಯಲ್ಲಿ ಬಾಟಲಿ ಹಿಡಿದುಕೊಂಡೇ ನಿಂತುಬಿಟ್ಟೆ. ಮುದ್ದೆಯಲ್ಲಿ ಹೇಗೆ ಅತ್ತೆಮ್ಮ, ತೋರಿಸಿ ಎಂದೆ.

ತೋರಿಸುವುದಕ್ಕೇನಿದೆ ಎನ್ನುವಂತೆ ನೋಡಿದರು. ಮಧ್ಯಾಹ್ನದ ಮುದ್ದೆ ತಟ್ಟೆಗೆ ಬಿದ್ದಾಗಲೇ ಒಂದು ತುತ್ತು ಮುರಿದರು. ಹೆಬ್ಬೆರಳಿನಿಂದ ನಡುವೆ ಗುಳಿ ಮಾಡಿದರು. ಗೂಡಿನಲ್ಲಿ ಉಳಿದಿದ್ದ ಒಂದು ಕೆಂಪು ಮಾತ್ರೆ, ಒಂದು ಬಿಳಿ ಮಾತ್ರೆ ಎರಡನ್ನೂ ಅದರಲ್ಲಿಟ್ಟು, ಅಂಚು ಎಳೆದು ಮುಚ್ಚಿ, ಸೊಪ್ಪಿನ ಸಾರಿನಲ್ಲಿ ಹೊರಳಿಸಿ ಹಿಡಿದರು. ನಮ್ಮ ಕಡೆ ಮುದ್ದೆಯನ್ನು ಅಗಿಯುವುದಿಲ್ಲ, ನುಂಗುವುದು. ಅಗಿದರೆ ಎಳೇ ಮಕ್ಕಳೂ ನಗುತ್ತಾರೆ. ಕೆಂಪು ಮಾತ್ರೆಯ ವಾಸನೆಗೆ ಇವಳಿಗೆ ವಾಂತಿ ಬರುತ್ತಿತ್ತು, ನೀರಿನಲ್ಲಿ ನುಂಗಿದರೆ ಅರ್ಧ ದಾರಿಯಿಂದ ವಾಪಸ್ಸು. ಮುದ್ದೆಯೊಳಗೆ ಅಡಗಿಸಿದರೆ ವಾಸನೆಯೂ ಇಲ್ಲ, ಕಹಿಯೂ ಇಲ್ಲ, ಸರಕ್ಕನೆ ಇಳಿಯುತ್ತದೆ. ಮಾತ್ರೆಗೆ ಮುಖ ಸಿಂಡರಿಸುವ ಸೊಸೆಗೆ ಒಬ್ಬ ಅತ್ತೆ ಕಂಡುಕೊಂಡ ಅಕ್ಕರೆಯ ಉಪಾಯ ಅದು. ಬೇರೆ ಯಾವ ಊರಿನವರಿಗೂ ಇದು ಹೊಳೆಯುತ್ತಿರಲಿಲ್ಲ. ಅನ್ನ ಅಗಿದು ತಿನ್ನುವವರಿಗೆ ಹೊಳೆಯುವುದಾದರೂ ಹೇಗೆ?

ಕಬ್ಬಿಣವನ್ನು ಕಟ್ಟಿಹಾಕಬೇಕು ಎಂದು ಯಾರಾದರೂ ನನ್ನನ್ನು ಕೇಳಿದ್ದರೆ ಇದಕ್ಕಿಂತ ಒಳ್ಳೆಯ ಹಗ್ಗ ನಾನು ಹೇಳುತ್ತಿರಲಿಲ್ಲ. ರಾಗಿಯ ಒಗರು, ರಾಗಿಯ ಸುಣ್ಣದಂಶ, ಸಿಪ್ಪೆಯಲ್ಲಿರುವ ಇನ್ನೊಂದೆರಡು ವಸ್ತು, ಎಲ್ಲವೂ ಕಬ್ಬಿಣವನ್ನು ಕಂಡರೆ ಅಪ್ಪಿಕೊಂಡು ಬಿಡದಂಥವು. ರಾಗಿ ಒಳ್ಳೆಯ ಧಾನ್ಯ, ನಾನೂ ದಿನಾ ತಿನ್ನುತ್ತೇನೆ. ಆದರೆ ಮಾತ್ರೆಯ ಕಬ್ಬಿಣ ಅದರ ನಡುವೆ ಬಿಚ್ಚಿಕೊಂಡರೆ ಕರುಳಿಗೆ ಸಿಗುವುದು ಅಷ್ಟಕ್ಕಷ್ಟೇ. ಸಾಲದ್ದಕ್ಕೆ ಆ ಬಿಳಿ ಮಾತ್ರೆ ಕ್ಯಾಲ್ಸಿಯಂ, ಅದೂ ಕಬ್ಬಿಣಕ್ಕೆ ಅಡ್ಡಗಾಲು. ಎರಡನ್ನೂ ಒಟ್ಟಿಗೆ ನುಂಗಬಾರದು ಎಂದು ಎರಡನ್ನೂ ಒಟ್ಟಿಗೆ ಕೊಟ್ಟವರು ಹೇಳಿರಲಿಲ್ಲ. ಊಟವಾದ ಮೇಲೆ ಒಂದು ಲೋಟ ಗಟ್ಟಿ ಹಾಲಿನ ಟೀ ಬೇರೆ.

ತಂಗಿಯನ್ನು ಪಕ್ಕಕ್ಕೆ ಕರೆದು, ಮಾತ್ರೆ ನುಂಗುವಾಗ ಹೊರಕಡೆ ಯಾವ ಬಣ್ಣಕ್ಕೆ ಹೋಗುತ್ತಿತ್ತೇ ಎಂದು ಕೇಳಿದೆ. ನಾಚಿಕೊಂಡಳು. ಇದ್ದಲಿನ ಹಾಗೆ ಕಪ್ಪಗೆ, ಬಹಳ ಗಟ್ಟಿ, ಈಗಿಲ್ಲ ಎಂದಳು. ಒಳಗೆ ಸೇರದ ಕಬ್ಬಿಣ ಹಾಗೇ ಹೋಗುತ್ತದೆ, ಇಲಿಗಳಲ್ಲಿ ನಾನು ನೋಡಿದ್ದೂ ಅದನ್ನೇ. ಅವಳು ಸುಳ್ಳು ಹೇಳುತ್ತಿಲ್ಲ ಎಂಬುದಕ್ಕೆ ಅಷ್ಟು ಸಾಕಿತ್ತು. ಈ ಒಂದು ಪ್ರಶ್ನೆ ಕೇಳಲು ಎಂ.ಎಸ್ಸಿ. ಬೇಕಿಲ್ಲ. ನಾಲಿಗೆ ಎತ್ತಿಸಿ ನೋಡಿದವರಿಗೆ ಇದನ್ನು ಕೇಳಲು ಮಾತ್ರ ನಾಚಿಕೆಯಾಗಿತ್ತೇ?

ನನ್ನ ಸಿಟ್ಟು ಆಗ ಆಸ್ಪತ್ರೆಯನ್ನೂ ದಾಟಿ ನಮ್ಮ ಪ್ರಯೋಗಾಲಯದ ತನಕ ಹೋಯಿತು. ನಾವು ಇಲಿಗಳನ್ನು ಖಾಲಿ ಹೊಟ್ಟೆಯಲ್ಲಿಟ್ಟು, ಗಂಟಲಿಗೆ ಕೊಳವೆ ಇಳಿಸಿ, ಶುದ್ಧ ನೀರಿನಲ್ಲಿ ಕಲಸಿದ ಕಣಗಳನ್ನು ಬಿಡುತ್ತಿದ್ದೆವು. ಎಷ್ಟು ಹೀರಿತು ಎಂದು ಬರೆದು ಹಿಗ್ಗುತ್ತಿದ್ದೆವು. ಆ ಇಲಿಗಳಲ್ಲಿ ಒಂದಕ್ಕೂ ನಾವು ಮುದ್ದೆ ತಿನ್ನಿಸಿರಲಿಲ್ಲ. ಮಂಡ್ಯ ಜಿಲ್ಲೆಯಿಂದ ಹೋಗಿ ಅಲ್ಲಿ ಕೂತಿದ್ದವಳು ನಾನೊಬ್ಬಳೇ ಅಲ್ಲ, ಮಧ್ಯಾಹ್ನ ಡಬ್ಬಿ ತೆರೆದರೆ ಅರ್ಧ ಜನರದ್ದು ರಾಗಿಯೇ. ಔಷಧಿ ನುಂಗುವವರು ಅದನ್ನು ಯಾವುದರ ಜೊತೆ ನುಂಗುತ್ತಾರೆ ಎಂಬ ವಿಚಾರ ಆ ಕೋಣೆಯೊಳಗೆ ಬರಲೇ ಇಲ್ಲ. ಮೇಷ್ಟ್ರ ಹನಿಯನ್ನೂ ಇವರು ನಾಲಿಗೆಗೆ ಬಿಡುತ್ತಿರಲಿಲ್ಲ, ರುಚಿ ಸೇರದೆ ರಾಗಿ ಗಂಜಿಗೆ ಹಾಕಿ ಕುಡಿಸುತ್ತಿದ್ದರು ಎಂದು ಆಮೇಲೆ ತಿಳಿಯಿತು. ಆ ಬಾಟಲಿಯಲ್ಲಿ ನಿಜವಾಗಿ ಕಬ್ಬಿಣವೇ ಇದ್ದಿದ್ದರೂ ಗತಿ ಅದೇ.

ಅತ್ತೆಮ್ಮನಿಗೆ ಹೇಳುವುದು ಮಾತ್ರ ಕಷ್ಟವಾಯಿತು. ಹೇಳದೆ ಬಿಡುವ ಹಾಗಿರಲಿಲ್ಲ. ಮುದ್ದೆಯ ಜೊತೆ ಕೊಟ್ಟರೆ ಮಾತ್ರೆಯ ಸತ್ವ ಮೈಗೆ ಹತ್ತುವುದಿಲ್ಲ ಎಂದು ಆದಷ್ಟು ಮೆತ್ತಗೆ ಹೇಳಿದೆ. ಅವರು ಕೈಯಲ್ಲಿದ್ದ ತುತ್ತನ್ನೇ ನೋಡುತ್ತ ಕೂತರು. ಅದನ್ನು ಬಿಡಿಸಿ ಮಾತ್ರೆಗಳನ್ನು ಹೊರತೆಗೆದು ಸೆರಗಿನಲ್ಲಿ ಒರೆಸಿದರು.

"ಅಂಗಾದ್ರೆ ನನ್ನ ಕೈಯೇ ಕೊಲ್ತಿತ್ತಲ್ಲವ್ವ ಇವಳ್ನ."

ಇಲ್ಲ ಎಂದೆ. ನಿಮಗೆ ಹೇಳಬೇಕಾದವರು ಹೇಳಲಿಲ್ಲ, ಅದು ನಿಮ್ಮ ತಪ್ಪಲ್ಲ ಎಂದೆ. ಅವರು ತಲೆಯಾಡಿಸಿದರು, ಆದರೆ ಅವತ್ತು ಊಟ ಮಾಡಲಿಲ್ಲ. ಈ ಹೆಂಗಸು ಇಷ್ಟು ನೋಯುತ್ತಿರುವಾಗ ಆ ಸಿಸ್ಟರು, ಆ ಡಾಕ್ಟರಮ್ಮ, ನಮ್ಮ ಮೇಷ್ಟ್ರು ಎಲ್ಲರೂ ತಂತಮ್ಮ ಮನೆಯಲ್ಲಿ ನೆಮ್ಮದಿಯಾಗಿ ಉಣ್ಣುತ್ತಿರುತ್ತಾರಲ್ಲ ಎಂದು ನನಗೆ ಹೊಟ್ಟೆ ಉರಿಯಿತು.

ಮರುದಿನ ತಂಗಿಯನ್ನು ಕರೆದುಕೊಂಡು ಆಸ್ಪತ್ರೆಗೆ ಹೋದೆ. ಡಾಕ್ಟರಮ್ಮನ ಮುಂದೆ ದೊಡ್ಡ ಸಾಲು, ಅವರ ಮುಖದಲ್ಲೂ ದಣಿವು. ಒಬ್ಬರೇ ಎಷ್ಟು ಜನರನ್ನು ನೋಡುತ್ತಾರೆ ಪಾಪ ಎಂದು ಒಂದು ಗಳಿಗೆ ಅನ್ನಿಸಿತು. ನಾನು ಮುದ್ದೆಯ ವಿಷಯ ಹೇಳಿದೆ. ಊಟವಾಗಿ ಎರಡು ಗಂಟೆ ಬಿಟ್ಟು ತಗೊಳ್ಳಿ ಅಂತ ಪ್ರತಿಯೊಬ್ಬರಿಗೂ ಹೇಳುತ್ತೇವೆ, ಇವರು ಕಿವಿಗೆ ಹಾಕಿಕೊಳ್ಳುವುದಿಲ್ಲ ಎಂದರು. ನಿನಗೆ ಹೇಳಿದ್ದರಾ ಎಂದು ತಂಗಿಯನ್ನು ಕೇಳಿದೆ. ಇಲ್ಲ ಎಂದು ತಲೆಯಾಡಿಸಿದಳು. ಅವಳ ಮಾತಿಗೆ ಅಲ್ಲಿ ಬೆಲೆ ಇರಲಿಲ್ಲ. ನಾನು ಇಂಥ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುತ್ತೇನೆ ಎಂದ ಮೇಲೆ ಕುರ್ಚಿ ತೋರಿಸಿದರು. ಹೊಟ್ಟೆ ಮುಂದು ಮಾಡಿಕೊಂಡು ತಂಗಿ ನಿಂತಿದ್ದಳು, ಕುರ್ಚಿ ನನಗೆ. ಅವಳನ್ನು ಅದರಲ್ಲಿ ಕೂರಿಸಿ ನಾನು ನಿಂತೇ ಮಾತಾಡಿದೆ.

ಮಾತ್ರೆ ಹಿಡಿಯದವರಿಗೆ ಡ್ರಿಪ್ಪಿನಲ್ಲಿ ಕಬ್ಬಿಣ ಹಾಕುತ್ತೀರಲ್ಲ, ಇವಳಿಗೆ ಇದುವರೆಗೆ ಯಾಕೆ ಹಾಕಲಿಲ್ಲ ಎಂದು ಕೇಳಿದೆ. ಮಾತ್ರೆ ತಿಂದೂ ಏರದಿದ್ದರೆ ತಾನೆ ಡ್ರಿಪ್ಪು, ಇವರು ಮಾತ್ರೆಯನ್ನೇ ತಿನ್ನದಿದ್ದರೆ ಎಂದರು. ನೋಡಿ ಹೇಗಿದೆ. ಅವಳು ಕಳ್ಳಿ ಎಂದು ತೀರ್ಮಾನವಾದ್ದರಿಂದ ಮಾತ್ರೆ ಸೋತಿದೆ ಎಂದು ಯಾರಿಗೂ ಕಾಣಲಿಲ್ಲ. ಔಷಧಿ ಬೀರುವಿನಲ್ಲೇ ಇತ್ತು. ಮೊದಲ ಹೆರಿಗೆಯಲ್ಲಿ ಸಾಯುವ ಹಾಗಾಗಿದ್ದವಳು ತಿಂಗಳುಗಟ್ಟಲೆ ಅದರ ಎದುರಿಗೇ ಸಾಲಿನಲ್ಲಿ ನಿಂತು ಬೈಸಿಕೊಂಡು ಮನೆಗೆ ಹೋಗಿದ್ದಾಳೆ. ನನ್ನ ದನಿ ಏರಿತು. ಡಾಕ್ಟರಮ್ಮ ಡ್ರಿಪ್ಪಿಗೆ ಚೀಟಿ ಬರೆದುಕೊಟ್ಟರು.

ಸಲೈನ್ ಬಾಟಲಿಗೆ ಸಿಸ್ಟರು ಔಷಧಿ ಬೆರೆಸಿದಾಗ ಅದು ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತು. ಒಡೆದ ಗಾಜಿನ ಕೊಳವೆಯ ಮೇಲಿನ ಚೀಟಿಯನ್ನು ನಾನು ಓದಿದೆ. ಸಕ್ಕರೆಯ ಹೊದಿಕೆಯೊಳಗೆ ಕೂತ ಕಬ್ಬಿಣ, ಅದೂ ಅಷ್ಟೇ ಸಣ್ಣ ಕಣ, ನಾವು ಮೈಸೂರಿನಲ್ಲಿ ಮಾಡಲು ಹೆಣಗುತ್ತಿದ್ದ ಅಳತೆಯದ್ದೇ. ಎಷ್ಟೋ ವರ್ಷಗಳಿಂದ ನಮ್ಮ ಬಸುರಿ ಹೆಂಗಸರಿಗೆ ಪುಕ್ಕಟೆಯಾಗಿ ಏರಿಸುತ್ತಿರುವ ವಸ್ತು. ಚೀಟಿಯ ಮೇಲೆ ನ್ಯಾನೋ ಎಂದು ಬರೆದಿರಲಿಲ್ಲ. ಬಾಯಿಂದ ಕೊಟ್ಟರೆ ಅದು ಸಲ್ಲುವುದಿಲ್ಲ ಎಂದೇ ನರಕ್ಕೆ ಹಾಕುತ್ತಾರೆ. ಇಷ್ಟು ತಿಳಿದವರು ಅದನ್ನು ತೆಪ್ಪಗೆ ಬೀರುವಿನಲ್ಲಿಟ್ಟಿದ್ದರು, ಏನೂ ತಿಳಿಯದವರು ಆ ಹೆಸರು ಹೊತ್ತು ಊರೂರು ಮಾರುತ್ತಿದ್ದರು. ಇದೇನಕ್ಕ ಕಾಫಿ ಇದ್ದಂಗದೆ ಎಂದು ತಂಗಿ ಕೇಳಿದಳು. ಮೇಷ್ಟ್ರು ಹೇಳಿದ ನ್ಯಾನೋ ನಿಜವಾಗಿ ಇದೇ ಕಣೇ ಎಂದೆ. ಬಹಳ ದಿನದ ಮೇಲೆ ಅವಳು ನಕ್ಕಳು.

ಡ್ರಿಪ್ಪು ಕೆಲವು ಸಲ ಆಯಿತು. ಮಾತ್ರೆ ಮುಂದುವರಿಸುವಾಗ ಅತ್ತೆಮ್ಮನೇ ಕಾವಲು. ಕೆಂಪು ಮಾತ್ರೆಗೆ ಒಂದು ಹೊತ್ತು, ಬಿಳಿಯದಕ್ಕೆ ಇನ್ನೊಂದು ಹೊತ್ತು. ಊಟಕ್ಕೂ ಮಾತ್ರೆಗೂ ನಡುವೆ ಸೊಸೆ ಟೀ ಲೋಟ ಮುಟ್ಟಿದರೆ ಕಿತ್ತುಕೊಳ್ಳುತ್ತಿದ್ದರು. ವಾಸನೆಗೆ ನಿಂಬೆಹಣ್ಣಿನ ಪಾನಕ ಮಾಡಿಕೊಟ್ಟರು, ಅದರ ಹುಳಿ ಕಬ್ಬಿಣಕ್ಕೂ ಒಳ್ಳೆಯದೇ. ರಕ್ತ ಏರತೊಡಗಿತು.

ಆಗ ಮೇಷ್ಟ್ರ ಫೋನು ಬಂತು. ಸಂತೋಷದಿಂದ ಅವರ ದನಿ ನಡುಗುತ್ತಿತ್ತು. ಏರಿತಂತಲ್ಲಮ್ಮ, ನನಗೆ ಗೊತ್ತಿತ್ತು ಎಂದರು. ಶ್ರೀರಂಗಪಟ್ಟಣದ ಇನ್ನೊಂದು ಸಭೆಯಲ್ಲಿ, ನ್ಯಾನೋ ಓದಿದ ಮೇಡಂ ಅವರ ಸ್ವಂತ ತಂಗಿಗೇ ಗುಣವಾಗಿದೆ ಎಂದು ಆಗಲೇ ಹೇಳಿಯೂ ಬಿಟ್ಟಿದ್ದರು. ನಾನು ನಡೆದದ್ದೆಲ್ಲ ಹೇಳಿದೆ. ಸುಳ್ಳು ಮಾರುವವನಲ್ಲಮ್ಮ ನಾನು, ನಾನೂ ಕುಡಿಯುತ್ತೇನೆ, ಮನೆಯವಳಿಗೂ ಕೊಡುತ್ತೇನೆ ಎಂದರು. ಅದು ನಿಜವೆಂದು ನನಗೆ ಗೊತ್ತು. ಅವರು ಮೋಸಗಾರರಾಗಿದ್ದರೆ ನನಗೆ ಬೈಯುವುದು ಸುಲಭವಾಗಿರುತ್ತಿತ್ತು.

"ಸರ್, ಅವಳು ಸತ್ತುಹೋಗಿದ್ದರೂ ಸಭೆಯಲ್ಲಿ ಹೇಳ್ತಿದ್ರಾ?"

ಅವರು ಫೋನು ಇಟ್ಟರು. ಆಮೇಲೆ ನಮ್ಮ ಮನೆ ಕಡೆ ಬಂದಿಲ್ಲ. ನಾನೂ ಕರೆದಿಲ್ಲ. ಒಬ್ಬ ಒಳ್ಳೆಯ ಮೇಷ್ಟ್ರನ್ನು ಆ ಬಾಟಲಿ ನನ್ನಿಂದ ಕಿತ್ತುಕೊಂಡಿತು, ಆ ಸಿಟ್ಟೂ ಹಾಗೇ ಉಳಿದಿದೆ.

ಹೆರಿಗೆಗೆ ಮೊದಲಿನ ಕೊನೆಯ ತಪಾಸಣೆಗೆ ನಾನೂ ಜೊತೆಗೆ ಹೋಗಿದ್ದೆ. ಅತ್ತೆಮ್ಮನೂ ಅವತ್ತು ಒಳಗೆ ಬಂದಿದ್ದರು. ಬೆಂಚಿನ ಮೇಲೆ, ಗೋಡೆಯ ಪಕ್ಕ, ಬಾಗಿಲಲ್ಲಿ, ಎಲ್ಲೆಲ್ಲೂ ಬಸುರಿಯರು. ಸಿಸ್ಟರು ತಂಗಿಯ ಬೆರಳು ಚುಚ್ಚಿ ನೋಡಿ ಹಿಗ್ಗಿದರು. ಹಿಗ್ಗು ನಿಜವಾದದ್ದೇ, ಅವರಿಗೂ ಈ ಸಲ ಭಯವಿತ್ತೇನೋ. ಆದರೆ ಅವರು ಸಾಲಿನ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ, ನನ್ನ ತಂಗಿಯನ್ನು ಬೆರಳು ಮಾಡಿ ತೋರಿಸಿದರು.

"ನೋಡ್ರಮ್ಮ, ಬೈದ ಮೇಲೆ ಬುದ್ಧಿ ಬಂತು ಇವಳಿಗೆ. ಈಗ ಸರಿಯಾಗಿ ಮಾತ್ರೆ ನುಂಗ್ತಿದ್ದಾಳೆ, ರಕ್ತ ಎಷ್ಟು ಏರಿದೆ ನೋಡಿ. ನೀವೂ ಎಸೆಯೋದು ಬಿಡಿ."

ನನಗೆ ತಡೆಯಲಾಗಲಿಲ್ಲ. ಬಾಯಿ ತೆಗೆಯುವುದರೊಳಗೆ ತಂಗಿ ನನ್ನ ಕೈ ಅದುಮಿದಳು. ಅವಳು ಎಲ್ಲರೆದುರು ಮಾತಾಡಿದವಳಲ್ಲ, ನಮ್ಮ ಮನೆಯಲ್ಲಿ ಜಗಳಗಂಟಿ ನಾನು. ಒಂದು ಕೈ ಸೊಂಟದ ಮೇಲಿಟ್ಟುಕೊಂಡು ಎದ್ದು ನಿಂತಳು.

"ನಾನು ಅವಾಗ್ಲೂ ನುಂಗ್ತಿದ್ದೆ ಸಿಸ್ಟರ್. ಒಂದು ದಿನ ಬುಡ್ನಿಲ್ಲ. ಮುದ್ದೇಲಿ ಇಟ್ಟು ನುಂಗ್ತಿದ್ದೆ, ಅದಕ್ಕೇ ಇಡೀನಿಲ್ಲ. ನೀವು ಎಸ್ದೆ ಅಂದ್ರಿ. ಎಂಗೆ ನುಂಗ್ತೀಯ ಅಂತ ಒಬ್ರೂ ಕೇಳ್ನಿಲ್ಲ."

ಸಿಸ್ಟರು, ಸರಿ ಸರಿ ಕೂತ್ಕೊಳಮ್ಮ ಎಂದು ಮುಂದಿನವರ ಹೆಸರು ಕೂಗಿದರು. ಮುಂದಿನವಳು ಎದ್ದು ಬರಲಿಲ್ಲ. ಗೋಡೆಗೆ ಒರಗಿ ಕೂತಿದ್ದ ಹುಡುಗಿ, ಚೊಚ್ಚಲು ಬಸುರಿಯಿರಬೇಕು, ಮುಖ ಬಿಳಿಚಿಕೊಂಡಿತ್ತು. ಅವಳು ಸಿಸ್ಟರನ್ನೂ ನೋಡಲಿಲ್ಲ, ಒಳಗಿದ್ದ ಡಾಕ್ಟರಮ್ಮನ ಕಡೆಗೂ ನೋಡಲಿಲ್ಲ. ನನ್ನ ತಂಗಿಯನ್ನೇ ನೋಡುತ್ತ ಕೇಳಿದಳು.

"ಮುದ್ದೇಲಿ ಇಟ್ಟು ನುಂಗ್‌ಬಾರ್ದಾ ಅಕ್ಕಾ?"